ತಕ್ಕಡಿ ಹಲವು, ತೂಕವೂ ಹಲವು: ವಿಶ್ವವಿದ್ಯಾಲಯಗಳ ಶ್ರೇಯಾಂಕ ಪಟ್ಟಿಗಳು ತಾಳೆಯಾಗದಿರುವುದೇಕೆ?

ಬ್ಯಾಡಗಿಯ ಮಾರುಕಟ್ಟೆ ಪ್ರಾಂಗಣಕ್ಕೆ ಬಂದು ಎಲ್ಲಕ್ಕಿಂತ ಉತ್ತಮವಾದ ಮೆಣಸಿನಕಾಯಿ ಯಾವುದೆಂದು ಕೇಳುವ ಹೊಸಬನಿಗೆ ಅನುಭವಸ್ಥ ವರ್ತಕರು ಮೊದಲು ಮರುಪ್ರಶ್ನೆಯನ್ನೇ ಹಾಕುತ್ತಾರೆ: ಯಾವ ಉಪಯೋಗಕ್ಕೆ? ಬಣ್ಣ ತೆಗೆಯುವ ಕಾರ್ಖಾನೆಗಾದರೆ ಗಾಢ ಕೆಂಪಿನ, ಕಡಿಮೆ ಖಾರದ ಬ್ಯಾಡಗಿ ಕಾಯಿ ಮೊದಲನೆಯದು. ಖಾರವೇ ಮುಖ್ಯವಾದ ಪುಡಿ ತಯಾರಕನಿಗೆ ಗುಂಟೂರಿನ ಕಾಯಿ ಮೊದಲನೆಯದು. ಎರಡು ಉತ್ತರಗಳೂ ಬೇರೆ ಬೇರೆ. ಆದರೆ ಎರಡೂ ಸರಿ. ಇದರಿಂದ ಯಾವ ವರ್ತಕನೂ ಗೊಂದಲಕ್ಕೆ ಒಳಗಾಗುವುದಿಲ್ಲ. ಮಾಲಿನ ಗುಣವನ್ನು ಅಳೆಯುವ ಮೊದಲು ಅದರ ಉಪಯೋಗವನ್ನು ಗೊತ್ತುಮಾಡಿಕೊಳ್ಳಬೇಕೆಂಬುದು ಪೇಟೆಯ ಮೊದಲ ಪಾಠ.

ಆದರೆ ಅದೇ ವರ್ತಕನು ಮಗನನ್ನೋ ಮಗಳನ್ನೋ ಉನ್ನತ ಶಿಕ್ಷಣಕ್ಕೆ ಸೇರಿಸುವ ಸಂದರ್ಭ ಬಂದಾಗ ಈ ಪಾಠವನ್ನು ಬದಿಗಿರಿಸುವುದುಂಟು. ಪ್ರವೇಶದ ಹಂಗಾಮಿನಲ್ಲಿ ವೃತ್ತಪತ್ರಿಕೆಗಳ ತುಂಬ ಶಿಕ್ಷಣ ಸಂಸ್ಥೆಗಳ ಜಾಹೀರಾತುಗಳು ಕಾಣಿಸುತ್ತವೆ. ಒಂದು ಸಂಸ್ಥೆ ದೇಶಕ್ಕೆ ಇಷ್ಟನೆಯದು, ಮತ್ತೊಂದು ಏಷ್ಯಾಕ್ಕೆ ಇಷ್ಟನೆಯದು, ಮಗದೊಂದು ಖಾಸಗಿ ವಲಯದಲ್ಲಿ ಮೊದಲನೆಯದು. ಯಾವ ಪಟ್ಟಿಯಲ್ಲಿ, ಯಾವ ವರ್ಷ, ಯಾವ ಅಳತೆಯಿಂದ ಎಂಬ ವಿವರ ಕೆಳಗಿನ ಸಣ್ಣ ಅಕ್ಷರಗಳಲ್ಲಿ ಅಡಗಿರುತ್ತದೆ. ಇಲ್ಲವೇ ಇರುವುದೇ ಇಲ್ಲ. ಆ ಒಂದು ಅಂಕಿಯನ್ನು ನಂಬಿ ದುಡಿಯುವ ಬಂಡವಾಳದಿಂದ ಹಣ ತೆಗೆಯುವವರಿದ್ದಾರೆ. ಮಳಿಗೆಯನ್ನೋ ನಿವೇಶನವನ್ನೋ ಆಧಾರವಾಗಿ ಕೊಟ್ಟು ಸಾಲ ಪಡೆಯುವವರಿದ್ದಾರೆ. ಹೀಗಿರುವಾಗ ಈ ಪಟ್ಟಿಗಳು ಒಂದಕ್ಕೊಂದು ಏಕೆ ತಾಳೆಯಾಗುವುದಿಲ್ಲ ಎಂಬುದು ವಿದ್ವಾಂಸರಿಗಷ್ಟೇ ಸೇರಿದ ಪ್ರಶ್ನೆಯಲ್ಲ. ಅದನ್ನು ತಿಳಿಯುವುದು ವ್ಯವಹಾರಜ್ಞಾನದ ಒಂದು ಭಾಗವೇ ಆಗಿದೆ.

ಒಂದೇ ವರ್ಷ, ಮೂರು ಪ್ರಥಮ ಸ್ಥಾನ

2023ನೆಯ ಇಸವಿಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಆ ವರ್ಷದ ಜೂನ್ ತಿಂಗಳ ಆರಂಭದಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯವು ಎನ್.ಐ.ಆರ್.ಎಫ್. ಎಂಬ ರಾಷ್ಟ್ರೀಯ ಶ್ರೇಯಾಂಕ ಪಟ್ಟಿಯನ್ನು ಪ್ರಕಟಿಸಿತು. ಅದರ ಒಟ್ಟಾರೆ ವಿಭಾಗದಲ್ಲಿ ಐ.ಐ.ಟಿ. ಮದ್ರಾಸ್ ಮೊದಲನೆಯದು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಎರಡನೆಯದು, ಐ.ಐ.ಟಿ. ಬಾಂಬೆ ನಾಲ್ಕನೆಯದು. ಅದೇ ತಿಂಗಳ ಕೊನೆಯಲ್ಲಿ ಲಂಡನ್ನಿನ ಕ್ಯು.ಎಸ್. ಸಂಸ್ಥೆಯ ಜಾಗತಿಕ ಪಟ್ಟಿ ಹೊರಬಿದ್ದಿತು. ಅದರಲ್ಲಿ ಭಾರತದ ಸಂಸ್ಥೆಗಳ ಪೈಕಿ 149ನೆಯ ಸ್ಥಾನ ಪಡೆದ ಐ.ಐ.ಟಿ. ಬಾಂಬೆಯೇ ಮೊದಲು, ವಿಜ್ಞಾನ ಸಂಸ್ಥೆಗೆ 225ನೆಯ ಸ್ಥಾನ, ಸಚಿವಾಲಯದ ಪಟ್ಟಿಯಲ್ಲಿ ದೇಶಕ್ಕೇ ಪ್ರಥಮವಾಗಿದ್ದ ಐ.ಐ.ಟಿ. ಮದ್ರಾಸಿಗೆ 285ನೆಯ ಸ್ಥಾನ. ಸೆಪ್ಟೆಂಬರಿನಲ್ಲಿ ಬ್ರಿಟನ್ನಿನದೇ ಆದ ಟೈಮ್ಸ್ ಹೈಯರ್ ಎಜುಕೇಷನ್ ತನ್ನ ಪಟ್ಟಿಯನ್ನು ಹೊರತಂದಿತು. ಅದರಲ್ಲಿ 201ರಿಂದ 250ರ ಗುಂಪಿನಲ್ಲಿದ್ದ ಭಾರತೀಯ ವಿಜ್ಞಾನ ಸಂಸ್ಥೆಯೇ ಭಾರತಕ್ಕೆ ಮೊದಲು. ಐ.ಐ.ಟಿ. ಮದ್ರಾಸ್ ಮತ್ತು ಐ.ಐ.ಟಿ. ಬಾಂಬೆಗಳ ಹೆಸರು ಆ ಪಟ್ಟಿಯಲ್ಲಿ ಇರಲೇ ಇಲ್ಲ.

ನಾಲ್ಕು ತಿಂಗಳ ಅವಧಿಯಲ್ಲಿ ದೇಶಕ್ಕೆ ಮೂರು ಪ್ರಥಮ ಸಂಸ್ಥೆಗಳು ದೊರೆತವು. ಅಷ್ಟರಲ್ಲಿ ಆ ಸಂಸ್ಥೆಗಳ ಪ್ರಾಧ್ಯಾಪಕರಾಗಲಿ, ಪ್ರಯೋಗಶಾಲೆಗಳಾಗಲಿ ಬದಲಾಗಿರಲಿಲ್ಲ. ಜಗತ್ತಿನ ಅಗ್ರಸ್ಥಾನದ ವಿಚಾರದಲ್ಲಿಯೂ ಇದೇ ಸ್ಥಿತಿ. 2003ರಿಂದ ಪ್ರಕಟವಾಗುತ್ತಿರುವ ಶಾಂಘೈ ಪಟ್ಟಿಯಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯವು ಆರಂಭದಿಂದಲೂ ಪ್ರಥಮ. ಕ್ಯು.ಎಸ್. ಪಟ್ಟಿಯಲ್ಲಿ 2012ರಿಂದ ಅಮೆರಿಕದ ಎಂ.ಐ.ಟಿ. ಪ್ರಥಮ. ಟೈಮ್ಸ್ ಪಟ್ಟಿಯಲ್ಲಿ 2016ರಿಂದ ಆಕ್ಸ್‌ಫರ್ಡ್ ಪ್ರಥಮ. ಪ್ರತಿಯೊಂದು ಪಟ್ಟಿಯೂ ವರ್ಷದಿಂದ ವರ್ಷಕ್ಕೆ ತನ್ನ ಉತ್ತರಕ್ಕೆ ತಾನು ಬದ್ಧವಾಗಿದೆ; ಆದರೆ ಒಂದರ ಉತ್ತರ ಇನ್ನೊಂದರದಲ್ಲ. ಆದ್ದರಿಂದ ಇದನ್ನು ಲೆಕ್ಕದ ತಪ್ಪೆಂದು ತಳ್ಳಿಹಾಕುವಂತಿಲ್ಲ. ಇಲ್ಲಿ ಬೇರೆ ಬೇರೆಯಾಗಿರುವುದು ಪ್ರಶ್ನೆಯೇ.

ಯಾರ ತಕ್ಕಡಿಯಲ್ಲಿ ಏನಿದೆ?

ಶಾಂಘೈ ಜಿಯಾವೊ ಟಾಂಗ್ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಪಟ್ಟಿ ಬಹುಮಟ್ಟಿಗೆ ಸಂಶೋಧನೆಯನ್ನು ಮಾತ್ರ ತೂಗುತ್ತದೆ. ನೊಬೆಲ್ ಮತ್ತು ಫೀಲ್ಡ್ಸ್ ಪುರಸ್ಕಾರ ಪಡೆದ ಹಳೆಯ ವಿದ್ಯಾರ್ಥಿಗಳಿಗೆ ಶೇ. 10, ಅದೇ ಪುರಸ್ಕಾರ ಪಡೆದ ಅಧ್ಯಾಪಕರಿಗೆ ಶೇ. 20, ಹೆಚ್ಚು ಉಲ್ಲೇಖಿತರಾದ ಸಂಶೋಧಕರಿಗೆ ಶೇ. 20, 'ನೇಚರ್' ಮತ್ತು 'ಸೈನ್ಸ್' ಪತ್ರಿಕೆಗಳ ಲೇಖನಗಳಿಗೆ ಶೇ. 20, ಒಟ್ಟು ಸಂಶೋಧನ ಲೇಖನಗಳಿಗೆ ಶೇ. 20. ಇವನ್ನು ಅಧ್ಯಾಪಕರ ಸಂಖ್ಯೆಗೆ ಹೊಂದಿಸಿ ನೋಡುವ ಅಂಶಕ್ಕೆ ಉಳಿದ ಶೇ. 10. ಪಾಠ ಹೇಗೆ ನಡೆಯುತ್ತದೆ, ಕಲಿತವರಿಗೆ ಉದ್ಯೋಗ ದೊರೆಯಿತೇ ಎಂಬುದಕ್ಕೆ ಅಲ್ಲಿ ಒಂದು ಅಂಕವೂ ಇಲ್ಲ. ದೊಡ್ಡ ಸಂಸ್ಥೆಗೆ ಸಹಜವಾಗಿಯೇ ಹೆಚ್ಚು ಅಂಕ. ಪುರಸ್ಕಾರ ಬಂದ ಕಾಲಕ್ಕೆ ಆ ವಿಜ್ಞಾನಿ ಎಲ್ಲಿ ಕೆಲಸದಲ್ಲಿದ್ದರೋ ಆ ಸಂಸ್ಥೆಗೇ ಅದರ ಲೆಕ್ಕ. ಸರ್ ಸಿ.ವಿ. ರಾಮನ್ ಅವರಿಗೆ 1930ರಲ್ಲಿ ನೊಬೆಲ್ ದೊರೆತಾಗ ಅವರು ಕಲ್ಕತ್ತೆಯಲ್ಲಿದ್ದರು. ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ನಿರ್ದೇಶಕರಾಗಿ ಬಂದದ್ದು 1933ರಲ್ಲಿ. ಆದುದರಿಂದ ಈ ತಕ್ಕಡಿಯಲ್ಲಿ ಬೆಂಗಳೂರಿಗೆ ಆ ನೊಬೆಲಿನ ಪಾಲು ಇಲ್ಲ.

ಕ್ಯು.ಎಸ್. ಪಟ್ಟಿಯಲ್ಲಿ ಅಭಿಪ್ರಾಯಕ್ಕೆ ಹೆಚ್ಚಿನ ಬೆಲೆ. 2023ರ ಪಟ್ಟಿಯಿಂದ ಜಾರಿಗೆ ಬಂದ ವಿಧಾನದಂತೆ ವಿದ್ವಾಂಸರ ಅಭಿಪ್ರಾಯಕ್ಕೆ ಶೇ. 30, ಉದ್ಯೋಗದಾತರ ಅಭಿಪ್ರಾಯಕ್ಕೆ ಶೇ. 15. ಅಂದರೆ ನೂರರಲ್ಲಿ 45 ಅಂಕಗಳು ಕೇಳಿ ತಿಳಿದ ಹೆಸರಿನ ಮೇಲೆ ನಿಂತಿವೆ. ಟೈಮ್ಸ್ ಪಟ್ಟಿಯು ಅದೇ ವರ್ಷ ಪರಿಷ್ಕರಿಸಿಕೊಂಡ ವಿಧಾನದಲ್ಲಿ ಬೋಧನೆಗೆ ಶೇ. 29.5, ಸಂಶೋಧನೆಯ ವಾತಾವರಣಕ್ಕೆ ಶೇ. 29, ಸಂಶೋಧನೆಯ ಗುಣಮಟ್ಟಕ್ಕೆ ಶೇ. 30, ಅಂತರರಾಷ್ಟ್ರೀಯ ಸಂಪರ್ಕಕ್ಕೆ ಶೇ. 7.5, ಕೈಗಾರಿಕಾ ಸಂಬಂಧಕ್ಕೆ ಶೇ. 4ರ ತೂಕವಿದೆ. 2016ರಲ್ಲಿ ಮೊದಲ ಬಾರಿಗೆ ಪ್ರಕಟವಾದ ಎನ್.ಐ.ಆರ್.ಎಫ್. ಪಟ್ಟಿಯ ಒಟ್ಟಾರೆ ವಿಭಾಗದಲ್ಲಿ ಬೋಧನೆ ಮತ್ತು ಸಂಪನ್ಮೂಲಗಳಿಗೆ ಶೇ. 30, ಸಂಶೋಧನೆ ಮತ್ತು ವೃತ್ತಿಪರ ಕಾರ್ಯಕ್ಕೆ ಶೇ. 30, ಪದವೀಧರರ ಮುಂದಿನ ಸಾಧನೆಗೆ ಶೇ. 20, ಎಲ್ಲ ವರ್ಗಗಳನ್ನು ಒಳಗೊಳ್ಳುವಿಕೆಗೆ ಶೇ. 10, ಜನಾಭಿಪ್ರಾಯಕ್ಕೆ ಶೇ. 10. ಮಹಿಳೆಯರು, ಹಿಂದುಳಿದವರು, ಹೊರರಾಜ್ಯದವರು ಎಷ್ಟು ಮಂದಿ ಕಲಿಯುತ್ತಿದ್ದಾರೆ ಎಂಬುದಕ್ಕೆ ಇಲ್ಲಿ ಬೆಲೆಯುಂಟು; ಶಾಂಘೈ ಪಟ್ಟಿಯಲ್ಲಿ ಇಲ್ಲ.

ಹೆಸರು ಒಂದೇ ಆಗಿರುವ ಅಂಶವನ್ನೂ ಎಲ್ಲರೂ ಒಂದೇ ರೀತಿ ಅಳೆಯುವುದಿಲ್ಲ. ಒಬ್ಬರ ಸಂಶೋಧನೆಯನ್ನು ಇತರರು ತಮ್ಮ ಲೇಖನಗಳಲ್ಲಿ ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂಬ ಲೆಕ್ಕವನ್ನು ಕ್ಯು.ಎಸ್. ಸಂಸ್ಥೆ ಅಧ್ಯಾಪಕರ ಸಂಖ್ಯೆಯಿಂದ ಭಾಗಿಸುತ್ತದೆ. ಈ ಅಳತೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ 2021ರ ಜೂನ್‌ನಲ್ಲಿ ಪ್ರಕಟವಾದ ಪಟ್ಟಿಯಲ್ಲಿ ನೂರಕ್ಕೆ ನೂರು ಅಂಕ ದೊರೆಯಿತು. ಟೈಮ್ಸ್ ಪಟ್ಟಿಯಾದರೋ ಪ್ರತಿಯೊಂದು ಲೇಖನವನ್ನು ಆಯಾ ವಿಷಯದ ಜಾಗತಿಕ ಸರಾಸರಿಯೊಡನೆ ಹೋಲಿಸಿ ನೋಡುತ್ತದೆ. ಅಲ್ಲಿ ಅದೇ ಸಂಸ್ಥೆಗೆ ಪೂರ್ಣ ಅಂಕ ಬರಲಿಲ್ಲ. ಕಡಿಮೆ ಅಧ್ಯಾಪಕರಿದ್ದು ಪ್ರತಿಯೊಬ್ಬರೂ ಹೆಚ್ಚು ಬರೆಯುವ ಸಂಸ್ಥೆಗೆ ಮೊದಲ ಅಳತೆ ಅನುಕೂಲ. ಪ್ರತಿ ಆಳಿನ ಉತ್ಪಾದನೆಯನ್ನೂ ಪ್ರತಿ ನಗದ ಬೆಲೆಯನ್ನೂ ಒಂದೇ ಎಂದು ಯಾವ ಕಾರ್ಖಾನೆಯ ಮಾಲೀಕನೂ ಭಾವಿಸುವುದಿಲ್ಲ.

ತೂಕ ಬದಲಾದರೆ ಸ್ಥಾನ ಬದಲು

ದೊಡ್ಡ ಕಂಪನಿಗಳಿಗೆ ಬಿಡಿಭಾಗ ಪೂರೈಸುವ ಸಣ್ಣ ಕೈಗಾರಿಕೋದ್ಯಮಿಗಳಿಗೆ ವೆಂಡರ್ ರೇಟಿಂಗ್ ಎಂಬ ಪದ್ಧತಿ ಚೆನ್ನಾಗಿ ಪರಿಚಿತ. ಶ್ರೇಯಾಂಕ ಪಟ್ಟಿಯೂ ಅದೇ ಜಾತಿಯ ಲೆಕ್ಕ. ಇಬ್ಬರು ಪೂರೈಕೆದಾರರಿದ್ದಾರೆಂದು ಭಾವಿಸೋಣ. ಒಬ್ಬನಿಗೆ ಗುಣಮಟ್ಟದಲ್ಲಿ 90, ದರದಲ್ಲಿ 60, ಸಕಾಲ ಪೂರೈಕೆಯಲ್ಲಿ 80 ಅಂಕ. ಇನ್ನೊಬ್ಬನಿಗೆ ಕ್ರಮವಾಗಿ 70, 90, 75. ಖರೀದಿದಾರ ಕಂಪನಿ ಗುಣಮಟ್ಟಕ್ಕೆ ಶೇ. 50, ದರಕ್ಕೆ ಶೇ. 30, ಪೂರೈಕೆಗೆ ಶೇ. 20 ತೂಕವಿಟ್ಟರೆ ಮೊದಲನೆಯವನಿಗೆ 79, ಎರಡನೆಯವನಿಗೆ 77, ಮೊದಲನೆಯವನೇ ಮುಂದೆ. ಗುಣಮಟ್ಟಕ್ಕೆ ಶೇ. 30, ದರಕ್ಕೆ ಶೇ. 50 ಎಂದು ತೂಕವನ್ನು ಅದಲುಬದಲು ಮಾಡಿದರೆ ಮೊದಲನೆಯವನಿಗೆ 73, ಎರಡನೆಯವನಿಗೆ 81. ಇಬ್ಬರ ಯಂತ್ರಗಳೂ ಅವೇ, ಕೆಲಸಗಾರರೂ ಅವರೇ. ಖರೀದಿ ವಿಭಾಗದ ಆದ್ಯತೆ ಬದಲಾದುದರಿಂದ ಮಾತ್ರ ಸ್ಥಾನ ಬದಲಾಯಿತು.

ಭಾರತೀಯ ವಿಜ್ಞಾನ ಸಂಸ್ಥೆಯ ವಿಷಯದಲ್ಲಿ ನಿಜವಾಗಿ ನಡೆದದ್ದೂ ಇದೇ ಬಗೆಯದು. 2022ರ ಜೂನ್‌ನಲ್ಲಿ ಪ್ರಕಟವಾದ ಕ್ಯು.ಎಸ್. ಪಟ್ಟಿಯಲ್ಲಿ ಅದರ ಸ್ಥಾನ 155, ಐ.ಐ.ಟಿ. ಬಾಂಬೆಯದು 172. ಒಂದು ವರ್ಷದ ನಂತರ ವಿಜ್ಞಾನ ಸಂಸ್ಥೆ 225ಕ್ಕೆ ಇಳಿಯಿತು, ಐ.ಐ.ಟಿ. ಬಾಂಬೆ 149ಕ್ಕೆ ಏರಿತು. ಈ ನಡುವೆ ಪಟ್ಟಿಯ ವಿಧಾನ ಬದಲಾಗಿತ್ತು. ಅಧ್ಯಾಪಕ ಮತ್ತು ವಿದ್ಯಾರ್ಥಿಗಳ ಅನುಪಾತದ ತೂಕ ಶೇ. 20ರಿಂದ 10ಕ್ಕೂ, ವಿದ್ವಾಂಸರ ಅಭಿಪ್ರಾಯದ ತೂಕ ಶೇ. 40ರಿಂದ 30ಕ್ಕೂ ಇಳಿದಿತ್ತು. ಉದ್ಯೋಗದಾತರ ಅಭಿಪ್ರಾಯದ ತೂಕ ಶೇ. 10ರಿಂದ 15ಕ್ಕೆ ಏರಿತ್ತು. ಪರಿಸರ ಹೊಣೆಗಾರಿಕೆ, ಉದ್ಯೋಗ ಫಲಿತಾಂಶ, ಅಂತರರಾಷ್ಟ್ರೀಯ ಸಂಶೋಧನ ಜಾಲ ಎಂಬ ಮೂರು ಹೊಸ ಅಂಶಗಳು ಶೇ. 5ರಂತೆ ಸೇರಿಕೊಂಡಿದ್ದವು. ಸಂಶೋಧನೆಯೇ ಪ್ರಧಾನವಾಗಿರುವ, ಪದವಿ ತರಗತಿಗಳನ್ನು 2011ರಲ್ಲಷ್ಟೇ ಆರಂಭಿಸಿದ ಸಂಸ್ಥೆಗೂ, ಸಾವಿರಾರು ಎಂಜಿನಿಯರುಗಳನ್ನು ಉದ್ಯೋಗ ಪೇಟೆಗೆ ಕಳುಹಿಸಿ ಹೆಸರಾದ ಸಂಸ್ಥೆಗೂ ಈ ಬದಲಾವಣೆಯ ಪರಿಣಾಮ ಒಂದೇ ಆಗಿರಲು ಸಾಧ್ಯವಿಲ್ಲ. 1909ರಲ್ಲಿ ಸ್ಥಾಪನೆಯಾಗಿ ನೂರು ವರ್ಷಗಳಿಗೂ ಮೀರಿ ಬೆಳೆದುಬಂದ ವಿದ್ಯಾಕೇಂದ್ರವೊಂದು ಹನ್ನೆರಡು ತಿಂಗಳಲ್ಲಿ 70 ಮೆಟ್ಟಿಲು ಕೆಳಗಿಳಿಯಿತೆಂದು ನಂಬುವುದಕ್ಕಿಂತ, ಮೆಟ್ಟಿಲುಗಳನ್ನೇ ಬೇರೆ ಕಡೆ ಜೋಡಿಸಲಾಯಿತೆಂದು ತಿಳಿಯುವುದು ವಿವೇಕ.

ಇದರೊಡನೆ ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಪಟ್ಟಿಯ ನಡುಭಾಗದಲ್ಲಿ ಸಂಸ್ಥೆಗಳ ಅಂಕಗಳು ಒತ್ತೊತ್ತಾಗಿರುತ್ತವೆ. ಅಲ್ಲಿ ದಶಮಾಂಶದ ವ್ಯತ್ಯಾಸವೂ ಹಲವು ಸ್ಥಾನಗಳನ್ನು ಮೇಲುಕೆಳಗು ಮಾಡಬಲ್ಲದು. ಈ ಕಾರಣದಿಂದಲೇ ಟೈಮ್ಸ್ ಪಟ್ಟಿ ಮೊದಲ 200ರ ನಂತರ, ಶಾಂಘೈ ಪಟ್ಟಿ ಮೊದಲ 100ರ ನಂತರ ಬಿಡಿ ಸ್ಥಾನಗಳನ್ನು ಕೊಡದೆ ಗುಂಪುಗಳನ್ನು ಮಾತ್ರ ಪ್ರಕಟಿಸುತ್ತವೆ.

ಅಂಕಿ ಒದಗಿಸುವವರು ಯಾರು?

ತಕ್ಕಡಿ ಸರಿಯಿದ್ದರೂ ಅದರಲ್ಲಿಡುವ ಮಾಲು ಸರಿಯಿರಬೇಕಲ್ಲವೇ? ಅನೇಕ ಅಂಶಗಳ ಅಂಕಿಗಳನ್ನು ಶಿಕ್ಷಣ ಸಂಸ್ಥೆಗಳೇ ಒದಗಿಸುತ್ತವೆ. ಅಮೆರಿಕದ 'ಯು.ಎಸ್. ನ್ಯೂಸ್' ಪಟ್ಟಿಯಲ್ಲಿ 2021ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಎರಡನೆಯ ಸ್ಥಾನವಿತ್ತು. 2022ರ ಫೆಬ್ರುವರಿಯಲ್ಲಿ ಅದೇ ವಿಶ್ವವಿದ್ಯಾಲಯದ ಗಣಿತ ಪ್ರಾಧ್ಯಾಪಕ ಮೈಕೆಲ್ ಥಾಡಿಯಸ್ ಅವರು ತಮ್ಮ ಸಂಸ್ಥೆ ಸಲ್ಲಿಸಿದ್ದ ಅಂಕಿಗಳನ್ನು ಪರಿಶೀಲಿಸಿ, ತರಗತಿಯ ಗಾತ್ರ, ಅಧ್ಯಾಪಕರ ಅರ್ಹತೆ ಮುಂತಾದ ವಿಷಯಗಳಲ್ಲಿ ಅವು ವಾಸ್ತವಕ್ಕೆ ಹೊಂದುವುದಿಲ್ಲವೆಂದು ಬಹಿರಂಗವಾಗಿ ತೋರಿಸಿದರು. ತಪ್ಪು ನಡೆದಿರುವುದನ್ನು ವಿಶ್ವವಿದ್ಯಾಲಯ ಒಪ್ಪಿಕೊಂಡಿತು. ಆ ಸೆಪ್ಟೆಂಬರಿನ ಪಟ್ಟಿಯಲ್ಲಿ ಅದರ ಸ್ಥಾನ 18.

ಮೋಸದ ಉದ್ದೇಶವಿಲ್ಲದಿದ್ದರೂ ಒಂದು ಶಬ್ದದ ಅರ್ಥ ಸಾಕು ಸ್ಥಾನ ಪಲ್ಲಟಕ್ಕೆ. ಟೈಮ್ಸ್ ಮತ್ತು ಕ್ಯು.ಎಸ್. ಸಂಸ್ಥೆಗಳು ಜಂಟಿಯಾಗಿ ಪಟ್ಟಿ ಹೊರಡಿಸುತ್ತಿದ್ದ ಕಾಲದಲ್ಲಿ, 2004ರಲ್ಲಿ, ಮಲೇಷ್ಯಾದ ಮಲಯ ವಿಶ್ವವಿದ್ಯಾಲಯಕ್ಕೆ 89ನೆಯ ಸ್ಥಾನ ದೊರೆತು ಸಂಭ್ರಮವಾಯಿತು. ಮರುವರ್ಷ ಅದು 169ಕ್ಕೆ ಇಳಿಯಿತು. ಅಲ್ಲಿನ ನಾಗರಿಕರೇ ಆಗಿದ್ದ ಚೀನೀ ಮತ್ತು ಭಾರತೀಯ ಮೂಲದವರನ್ನು ಮೊದಲ ವರ್ಷ ವಿದೇಶೀಯರೆಂದು ಎಣಿಸಲಾಗಿತ್ತು. ಎರಡನೆಯ ವರ್ಷ ಆ ಎಣಿಕೆಯನ್ನು ತಿದ್ದಲಾಯಿತು. 2010ರ ಟೈಮ್ಸ್ ಪಟ್ಟಿಯಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾ ವಿಶ್ವವಿದ್ಯಾಲಯವು ಸಂಶೋಧನೆಯ ಪ್ರಭಾವದಲ್ಲಿ ಜಗತ್ತಿಗೇ ನಾಲ್ಕನೆಯದಾಗಿ, ಒಟ್ಟಾರೆ 147ನೆಯ ಸ್ಥಾನಕ್ಕೆ ಬಂದಿತು. ಒಬ್ಬ ಲೇಖಕರ ಹಲವಾರು ಲೇಖನಗಳಿಗೆ ಬಂದ ಉಲ್ಲೇಖಗಳೇ ಆ ಏರಿಕೆಗೆ ಮುಖ್ಯ ಕಾರಣವಾಗಿದ್ದವು.

ಪಟ್ಟಿಯಲ್ಲಿ ಹೆಸರಿಲ್ಲದಿರುವುದೂ ಗುಣಹೀನತೆಯ ಗುರುತಲ್ಲ. ಅಂಕ ನೀಡಿಕೆಯಲ್ಲಿ ಪಾರದರ್ಶಕತೆ ಸಾಲದೆಂಬ ಕಾರಣ ನೀಡಿ ಬಾಂಬೆ, ದೆಹಲಿ, ಗುವಾಹಟಿ, ಕಾನ್ಪುರ, ಖರಗ್‌ಪುರ, ಮದ್ರಾಸ್ ಮತ್ತು ರೂರ್ಕಿ ಐ.ಐ.ಟಿ.ಗಳು 2020ರಲ್ಲಿ ಟೈಮ್ಸ್ ಪಟ್ಟಿಯಿಂದ ದೂರ ಉಳಿಯುವುದಾಗಿ ಘೋಷಿಸಿದವು. ಅದಕ್ಕೆ ಕೆಲವು ತಿಂಗಳ ಹಿಂದೆ ಪ್ರಕಟವಾದ ಪಟ್ಟಿಯಲ್ಲಿ, 2008ರಲ್ಲಿ ಸ್ಥಾಪಿತವಾದ ರೋಪರ್ ಐ.ಐ.ಟಿ. ಮೊದಲ ಪ್ರವೇಶದಲ್ಲಿಯೇ ಶತಮಾನ ದಾಟಿದ ವಿಜ್ಞಾನ ಸಂಸ್ಥೆಯೊಡನೆ 301ರಿಂದ 350ರ ಗುಂಪಿನಲ್ಲಿ ಸ್ಥಾನ ಪಡೆದು ಹಳೆಯ ಐ.ಐ.ಟಿ.ಗಳನ್ನು ಹಿಂದಿಕ್ಕಿತ್ತು.

ಶ್ರೇಯಾಂಕವೇ ಹಣವಾದಾಗ

ಇಷ್ಟಾದರೂ ಶ್ರೇಯಾಂಕಗಳನ್ನು ಲಘುವಾಗಿ ಕಾಣುವಂತಿಲ್ಲ. ಅವು ಈಗ ಜಾಹೀರಾತಿನ ಅಲಂಕಾರವಾಗಿ ಮಾತ್ರ ಉಳಿದಿಲ್ಲ. ಕೇಂದ್ರ ಸಚಿವ ಸಂಪುಟವು 2024ರ ನವೆಂಬರ್‌ನಲ್ಲಿ ಒಪ್ಪಿಗೆ ನೀಡಿದ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಆಧಾರವಾಗಲಿ, ಜಾಮೀನುದಾರರಾಗಲಿ ಇಲ್ಲದೆ ಶಿಕ್ಷಣ ಸಾಲ ದೊರೆಯುತ್ತದೆ. ಆದರೆ ವಿದ್ಯಾರ್ಥಿ ಸೇರಿದ ಸಂಸ್ಥೆ ಎನ್.ಐ.ಆರ್.ಎಫ್. ಪಟ್ಟಿಗಳ ಪೈಕಿ ಒಂದರಲ್ಲಾದರೂ ಮೊದಲ 100ರೊಳಗೆ ಇರಬೇಕು. ರಾಜ್ಯ ಸರ್ಕಾರದ ಸಂಸ್ಥೆಗಳಿಗೆ 200ರವರೆಗೆ ಅವಕಾಶವಿದೆ. ಕೇಂದ್ರ ಸರ್ಕಾರದ ಸಂಸ್ಥೆಗಳಿಗೆ ಈ ಮಿತಿಯಿಲ್ಲ. ಹೀಗಾಗಿ ಒಂದೇ ಊರಿನ ಎರಡು ಖಾಸಗಿ ಸಂಸ್ಥೆಗಳಲ್ಲಿ 100ನೆಯದಕ್ಕೆ ಸೇರಿದ ಹುಡುಗನಿಗೆ ಸೌಲಭ್ಯವುಂಟು, 101ನೆಯದಕ್ಕೆ ಸೇರಿದವನಿಗೆ ಇಲ್ಲ. ಅಂಕಗಳ ಅಂತರ ಎಷ್ಟೇ ಅಲ್ಪವಾಗಿರಲಿ, ಆ ಗೆರೆಯ ಆಚೆಗಿನ ಕುಟುಂಬ ಆಧಾರವನ್ನು ಹುಡುಕಬೇಕಾಗುತ್ತದೆ. ಮಕ್ಕಳನ್ನು ಸೇರಿಸುವ ಮುನ್ನ ವರ್ತಕರು ಇದನ್ನು ವಿಚಾರಿಸಿಕೊಳ್ಳುವುದು ಅವಶ್ಯ. ಕ್ಯು.ಎಸ್. ಪಟ್ಟಿಯ ಸ್ಥಾನವನ್ನು ತೋರಿಸಿದರೆ ಈ ಯೋಜನೆಯಡಿ ಪ್ರಯೋಜನವಿಲ್ಲ.

ಬ್ರಿಟನ್ ಸರ್ಕಾರವು 2022ರಲ್ಲಿ ಪ್ರತಿಭಾವಂತ ಪದವೀಧರರಿಗಾಗಿ ವಿಶೇಷ ವೀಸಾ ಆರಂಭಿಸಿದಾಗ ಅನುಸರಿಸಿದ ಕ್ರಮ ಗಮನಾರ್ಹ. ಟೈಮ್ಸ್, ಕ್ಯು.ಎಸ್. ಮತ್ತು ಶಾಂಘೈ ಈ ಮೂರು ಪಟ್ಟಿಗಳಲ್ಲಿ ಕನಿಷ್ಠ ಎರಡರಲ್ಲಿ ಮೊದಲ 50ರೊಳಗೆ ಇರುವ ವಿಶ್ವವಿದ್ಯಾಲಯಗಳನ್ನು ಮಾತ್ರ ಅದು ಪರಿಗಣಿಸಿತು. ಎರಡು ಪಟ್ಟಿಗಳ ತವರಾದ ದೇಶವೇ ಒಂದು ತಕ್ಕಡಿಯನ್ನು ನೆಚ್ಚಿ ಕುಳಿತುಕೊಳ್ಳಲಿಲ್ಲ ಎಂಬುದನ್ನು ಇಲ್ಲಿನ ಪೋಷಕರೂ ಅರಿಯಬೇಕು.

ಪಟ್ಟಿ ಕೇಳದ ಪ್ರಶ್ನೆ

ಪಟ್ಟಿಗಳಿಂದ ಉಪಯೋಗವೇ ಇಲ್ಲವೆಂದು ಹೇಳುವುದು ಅನ್ಯಾಯವಾದೀತು. ಅವು ಬರುವ ಮೊದಲು ಕಾಲೇಜಿನ ಯೋಗ್ಯತೆಯನ್ನು ಬಾಯಿಮಾತಿನಿಂದಲೇ ತಿಳಿಯಬೇಕಾಗಿತ್ತು. ಶ್ರೇಯಾಂಕದ ಒತ್ತಡದಿಂದಾಗಿ ಸಂಸ್ಥೆಗಳು ತಮ್ಮ ಅಂಕಿಗಳನ್ನು ಹೊರಗಿಡುವಂತಾಯಿತು. ಎನ್.ಐ.ಆರ್.ಎಫ್.ಗೆ ಸಲ್ಲಿಸಿದ ಮಾಹಿತಿ ಪತ್ರವನ್ನು ಸಂಸ್ಥೆಗಳು ತಮ್ಮ ಜಾಲತಾಣದಲ್ಲಿ ಪ್ರಕಟಿಸಬೇಕಾಗುತ್ತದೆ. ಒಟ್ಟು ಸ್ಥಾನಕ್ಕಿಂತ ಈ ಪತ್ರವೇ ಹೆಚ್ಚು ಬೆಲೆಯುಳ್ಳದ್ದು. ಎಷ್ಟು ಮಂದಿ ಸೇರಿದರು, ಎಷ್ಟು ಮಂದಿ ನಿಗದಿತ ಅವಧಿಯಲ್ಲಿ ತೇರ್ಗಡೆಯಾದರು, ಎಷ್ಟು ಮಂದಿಗೆ ಉದ್ಯೋಗ ದೊರೆಯಿತು, ಅವರ ಸಂಬಳದ ಮಧ್ಯಾಂಕವೆಷ್ಟು ಎಂಬುದೆಲ್ಲ ಅದರಲ್ಲಿರುತ್ತದೆ. ಜಾಹೀರಾತುಗಳು ಸಾಮಾನ್ಯವಾಗಿ ಒಬ್ಬ ವಿದ್ಯಾರ್ಥಿಗೆ ದೊರೆತ ಅತಿ ಹೆಚ್ಚಿನ ಸಂಬಳವನ್ನು ದೊಡ್ಡ ಅಕ್ಷರಗಳಲ್ಲಿ ತೋರಿಸುತ್ತವೆ. ಸಂಬಳಗಳನ್ನು ಏರಿಕೆಯ ಕ್ರಮದಲ್ಲಿ ಬರೆದಾಗ ನಡುವೆ ಬರುವ ಮೊತ್ತವೇ ಮಧ್ಯಾಂಕ. ಸಾಧಾರಣ ವಿದ್ಯಾರ್ಥಿ ನಿರೀಕ್ಷಿಸಬಹುದಾದದ್ದು ಅದನ್ನು. ನಾಲ್ಕು ವರ್ಷದ ಶುಲ್ಕ ಮತ್ತು ವಸತಿ ವೆಚ್ಚವನ್ನು ಈ ಮಧ್ಯಾಂಕದ ಪಕ್ಕದಲ್ಲಿಟ್ಟು ನೋಡಿದರೆ, ಸಾಲದ ಕಂತು ತೀರುವುದು ಎಷ್ಟು ವರ್ಷಗಳಲ್ಲಿ ಎಂಬ ಲೆಕ್ಕ ಯಾವ ವರ್ತಕನಿಗೂ ಹತ್ತು ನಿಮಿಷದ ಕೆಲಸ.

ಸಣ್ಣ ಕೈಗಾರಿಕೋದ್ಯಮಿಗಳು ಮತ್ತೊಂದು ಪುಟವನ್ನೂ ನೋಡಬೇಕು. ಸಂಸ್ಥೆ ಹೊರಗಿನವರಿಗಾಗಿ ಎಷ್ಟು ಸಲಹಾ ಯೋಜನೆಗಳನ್ನು ಕೈಗೊಂಡಿತು, ಎಷ್ಟು ಗ್ರಾಹಕ ಸಂಸ್ಥೆಗಳಿಂದ ಎಷ್ಟು ಹಣ ಪಡೆಯಿತು ಎಂಬ ವಿವರವೂ ಅದೇ ಪತ್ರದಲ್ಲಿದೆ. ಉಪಕರಣ ಪರೀಕ್ಷೆಗೋ, ವಿನ್ಯಾಸ ಸುಧಾರಣೆಗೋ ಯಾವ ಕಾಲೇಜಿನ ಬಾಗಿಲು ತಟ್ಟಬಹುದು ಎಂಬ ಸುಳಿವು ಇಲ್ಲಿ ಸಿಗುತ್ತದೆ. ಆದರೆ ಉದ್ಯಮಿಗೆ ನಿಜವಾಗಿ ಬೇಕಾದ ಪ್ರಶ್ನೆಯನ್ನು ಯಾವ ಪಟ್ಟಿಯೂ ಕೇಳಿಲ್ಲ. ಕಲಿತು ಬಂದ ಎಂಜಿನಿಯರ್ ಯಂತ್ರದ ಮುಂದೆ ನಿಂತು ದೋಷವನ್ನು ಗುರುತಿಸಬಲ್ಲನೇ? ಲೆಕ್ಕಪತ್ರ ಓದಿದ ಪದವೀಧರೆ ಜಿ.ಎಸ್.ಟಿ. ವಿವರಣ ಪಟ್ಟಿಯನ್ನು ತಾನಾಗಿ ಸಿದ್ಧಪಡಿಸಬಲ್ಲಳೇ? ಇಪ್ಪತ್ತು ಕೆಲಸಗಾರರ ಘಟಕದಲ್ಲಿ ಅವರು ಒಂದು ವರ್ಷವಾದರೂ ಉಳಿಯುವರೇ? ನೊಬೆಲ್ ಪುರಸ್ಕೃತರ ಸಂಖ್ಯೆಯಿಂದಾಗಲಿ, ವಿದೇಶೀ ವಿದ್ಯಾರ್ಥಿಗಳ ಪ್ರಮಾಣದಿಂದಾಗಲಿ ಇದಕ್ಕೆ ಉತ್ತರ ದೊರೆಯದು. ಶಾಂಘೈ ಪಟ್ಟಿಯಲ್ಲಿ ಕೈಗಾರಿಕೆಗೆ ಸೊನ್ನೆ, ಟೈಮ್ಸ್ ಪಟ್ಟಿಯಲ್ಲಿ ನೂರಕ್ಕೆ ನಾಲ್ಕು ಎಂಬುದನ್ನು ನೆನೆದರೆ, ಶ್ರೇಯಾಂಕ ನೋಡಿ ಕೆಲಸಕ್ಕೆ ತೆಗೆದುಕೊಳ್ಳುವವರು ಬೇರೆ ಯಾರದೋ ಆದ್ಯತೆಗೆ ತಾವು ಸಂಬಳ ಕೊಡುತ್ತಿದ್ದಾರೆಂದೇ ಹೇಳಬೇಕು.

ಈ ಕೊರತೆಯನ್ನು ತುಂಬುವ ಕಾರ್ಯ ವಾಣಿಜ್ಯ ಮತ್ತು ಕೈಗಾರಿಕಾ ಸಂಸ್ಥೆಗಳಿಗೆ ಸೇರಿದ್ದು. ತಮ್ಮ ಜಿಲ್ಲೆಯ ಕಾಲೇಜುಗಳಿಂದ ಬಂದವರು ಸದಸ್ಯ ಘಟಕಗಳಲ್ಲಿ ಹೇಗೆ ದುಡಿದರು, ಎಷ್ಟು ಕಾಲ ಉಳಿದರು, ಎಷ್ಟು ತರಬೇತಿ ಬೇಕಾಯಿತು ಎಂಬುದನ್ನು ವರ್ಷಕ್ಕೊಮ್ಮೆ ಒಂದು ಪುಟದ ನಮೂನೆಯಲ್ಲಿ ಸಂಗ್ರಹಿಸುವುದು ಕಷ್ಟವಲ್ಲ. ಅದನ್ನು ಒಂದು, ಎರಡು, ಮೂರು ಎಂದು ಪಟ್ಟಿಮಾಡುವ ಅಗತ್ಯವೂ ಇಲ್ಲ. ಪ್ರತಿ ಅಂಶವನ್ನು ಪ್ರತ್ಯೇಕವಾಗಿ ಕಾಲೇಜಿನ ಆಡಳಿತ ಮಂಡಳಿಯ ಮುಂದಿಟ್ಟರೆ ಪಠ್ಯಕ್ರಮದ ಚರ್ಚೆಗೆ ಅದೊಂದು ಆಧಾರವಾದೀತು. ಪೋಷಕರಾಗಿಯೂ ವರ್ತಕರು ಇದೇ ಕ್ರಮವನ್ನು ಅನುಸರಿಸಬಹುದು. ಮಗುವಿನ ಗುರಿ ಸಂಶೋಧನೆಯೇ, ಉದ್ಯೋಗವೇ, ಮನೆತನದ ವ್ಯಾಪಾರವೇ ಎಂಬುದನ್ನು ಮೊದಲು ನಿರ್ಧರಿಸಿ, ಅದಕ್ಕೆ ತಕ್ಕಂತೆ ಯಾವ ಅಂಶಕ್ಕೆ ಎಷ್ಟು ತೂಕವೆಂದು ಮನೆಯಲ್ಲಿಯೇ ಗೊತ್ತುಮಾಡಿಕೊಂಡು, ಆಮೇಲೆ ಪಟ್ಟಿಗಳ ಬಿಡಿ ಅಂಕಗಳನ್ನು ನೋಡುವುದು ಒಳಿತು.

ಶುಲ್ಕ ಕಟ್ಟುವವರು ಪೋಷಕರು, ಸಂಬಳ ಕೊಡುವವರು ಉದ್ಯಮಿಗಳು. ಹಣ ಅವರದಾಗಿರುವಾಗ ಯಾವುದಕ್ಕೆ ಎಷ್ಟು ಬೆಲೆ ಎಂಬ ನಿರ್ಧಾರವನ್ನು ಲಂಡನ್ನಿಗೋ ಶಾಂಘೈಗೋ ಬಿಟ್ಟುಕೊಡಬೇಕಾದ ಕಾರಣವಿಲ್ಲ. ಉಪಯೋಗ ತಿಳಿಯದೆ 'ಉತ್ತಮ' ಎಂಬ ಮಾತಿಗೆ ದರ ಕಟ್ಟದ ಬ್ಯಾಡಗಿಯ ವರ್ತಕನ ಎಚ್ಚರ ಕಾಲೇಜಿನ ಪ್ರವೇಶ ಕೊಠಡಿಯಲ್ಲಿಯೂ ಜೊತೆಗಿರಲಿ.